ಅಕ್ಕನ ನಡಿಗೆ

ಜಲಜಳದು ಬಾಯಿ ಜೋರು ಎಂದು ಉಪ್ಪುಂದದಲ್ಲಿ ಹೇಳುವವರಿದ್ದಾರೆ. ಹಾಗೆ ಹೇಳುವವರೆಲ್ಲ ಅವಳ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಂಗುಡೆ ಮೀನಿನ ಕಿವಿರು ಎತ್ತಿ ನೋಡಿ, ಮೂಗು ಮುರಿದು, ಅರ್ಧ ಕ್ರಯಕ್ಕೆ ಕೇಳಿ ಬೈಸಿಕೊಂಡವರೇ. ಬಾಯಿ ಜೋರಿಲ್ಲದ ಹೆಂಗಸೊಬ್ಬಳು, ಗಂಡ ಸತ್ತ ಮೇಲೆ, ಬುಟ್ಟಿ ಹೊತ್ತು ಒಬ್ಬ ತಮ್ಮನನ್ನೂ ಒಬ್ಬ ಮಗಳನ್ನೂ ದೊಡ್ಡವರನ್ನಾಗಿ ಮಾಡಿದ್ದನ್ನು ಅವರು ಎಲ್ಲಾದರೂ ಕಂಡಿದ್ದರೆ ಬಂದು ಹೇಳಲಿ.

ಆ ಶನಿವಾರ ಸಂಜೆ ಮಾತ್ರ ಜಲಜಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಮಧ್ಯಾಹ್ನವೇ ಬುಟ್ಟಿ ತೊಳೆದು ಕವುಚಿ ಹಾಕಿ, ಲಿಂಬೆಹುಳಿ ಹಾಕಿ ಕೈ ಉಜ್ಜಿಕೊಂಡು, ಮಗಳು ಮೋಕ್ಷಿತಾ ತೆಗೆದಿಟ್ಟ ರೇಷ್ಮೆ ಸೀರೆ ಉಟ್ಟಿದ್ದಳು. ಮೋಕ್ಷಿತಾಳ ಮದುವೆ ನಿಶ್ಚಯವಾಗಿತ್ತು. ಹುಡುಗ ಸಾಸ್ತಾನದ ರತೀಶ್, ಹೆದ್ದಾರಿ ಬದಿಯಲ್ಲಿ ಟೈರಿನ ಅಂಗಡಿ ಇಟ್ಟುಕೊಂಡವನು. ಹುಡುಗನೂ ಅವನ ತಾಯಿಯೂ ಕಾರು ತಂದು ಇವರಿಬ್ಬರನ್ನು ಕೂರಿಸಿಕೊಂಡು ಹೆಮ್ಮಾಡಿಗೆ ಹೊರಟಿದ್ದರು. ಎರಡು ಮನೆಯವರು ಒಟ್ಟಿಗೆ ಹೊರಗೆ ಊಟ ಮಾಡುವುದು ಅದೇ ಮೊದಲು.

ಕರೆದವನು ಜಲಜಳ ತಮ್ಮ ಬಚ್ಚ. ಹೆಮ್ಮಾಡಿಯ ಹೋಟೆಲೊಂದರ ಹಿಂದಿನ ತೆಂಗಿನ ತೋಟದಲ್ಲಿ ಊಟದ ಜೊತೆ ನಾಟಕ ಅಂತ ಒಂದು ಹೊಸ ಏರ್ಪಾಡು ಶುರುವಾಗಿತ್ತು. ನಡುವೆ ಮೊಣಕಾಲೆತ್ತರದ ರಂಗಸ್ಥಳ, ಸುತ್ತ ಮೇಜು. ನೀವು ಕೋಳಿ ಸುಕ್ಕ ತಿನ್ನುತ್ತ ಕೂತಿರಿ, ಅವರು ನಗಿಸುತ್ತಾರೆ. ಹಗಲು ಐಸ್ ಪ್ಲಾಂಟಿನಲ್ಲಿ ದುಡಿಯುವ ಬಚ್ಚ ಶನಿವಾರ ಅಲ್ಲಿ ಬಣ್ಣ ಹಚ್ಚುತ್ತಿದ್ದ. ಅವನ ಪಾರ್ಟು ನೋಡಲಿಕ್ಕೆಂದೇ ಕುಂದಾಪುರದಿಂದ ಜನ ಬರುತ್ತಾರಂತೆ. ಯಾವ ಪಾರ್ಟು ಎಂದು ಮಾತ್ರ ಅವನು ಬಾಯಿ ಬಿಟ್ಟಿರಲಿಲ್ಲ.

"ಬಂದ್ ಕಾಣ್ ಅಕ್ಕಾ. ನಿಂಗ್ ಖುಷಿ ಆಪುದ್ ಗ್ಯಾರಂಟಿ," ಎಂದಿದ್ದ. ಒಂದು ಹಳೆ ಸೀರೆ ಬೇಕು ಎಂದು ಕೇಳಿ, ಅವಳ ಕೆಂಪು ಅಂಚಿನ ಹಸಿರು ಸೀರೆ ಒಯ್ದಿದ್ದ. ಯಾವುದೋ ತಾಯಿಯ ಪಾರ್ಟಿಗಿರಬೇಕು ಎಂದುಕೊಂಡು ಅವಳು ಅದನ್ನು ಒಗೆದು, ಹರಿದಲ್ಲಿ ಹೊಲಿದು, ಮಡಚಿ ಕೊಟ್ಟಿದ್ದಳು.

ಬಚ್ಚ ಅವಳಿಗೆ ತಮ್ಮ ಎನ್ನುವುದು ಬರೀ ಲೆಕ್ಕಕ್ಕೆ, ಸಾಕಿದ್ದು ಮಗನ ಹಾಗೆ. ತಾಯಿ ಸತ್ತಾಗ ಅವನಿಗಿನ್ನೂ ಹಾಲುಹಲ್ಲು. ಸೊಂಟದಲ್ಲಿ ಅವನು, ತಲೆಯ ಮೇಲೆ ಬುಟ್ಟಿ, ಹೀಗೆ ಅವಳ ಪ್ರಾಯ ಕಳೆಯಿತು. ಈಗ ಅವನು ಮೋಕ್ಷಿತಾಳ ಸೋದರಮಾವ. ಧಾರೆಯ ದಿನ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಅವನೇ. "ಅಪ್ಪ ಇಲ್ದಿದ್ರೆ ಎಂತ, ಮಾಮ ಇದ್ದ ಅಲ್ದಾ," ಎಂದು ಜಲಜ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಕಾರು ನಿಲ್ಲಿಸಿದ ಜಾಗದಿಂದ ಮೇಜಿನವರೆಗೆ ಸ್ವಲ್ಪ ದೂರ. ಹುಲ್ಲು ಬೇರೆ ಜಾರುತ್ತಿತ್ತು. ಜಲಜ ಯಾವತ್ತಿನಂತೆ ಕಾಲೆಳೆದುಕೊಂಡು ನಡೆದಳು. ರತೀಶನ ತಾಯಿ ಮೆಲ್ಲಗೆ ಅವಳ ತೋಳು ಹಿಡಿದು, "ನಿಧಾನ್ಕ್ ಬನಿ ಅಕ್ಕ, ಎಂತಕ್ ಗಡಿಬಿಡಿ," ಎಂದಾಗ ಜಲಜಳಿಗೆ ಮಗಳು ಒಳ್ಳೆಯ ಮನೆ ಸೇರುತ್ತಾಳೆ ಎಂದು ಸಮಾಧಾನವಾಯಿತು. ನೀರುದೋಸೆ ಬಂತು, ಕೋಳಿ ಸುಕ್ಕ ಬಂತು, ಕಾಣೆ ಮೀನಿನ ರವಾ ಫ್ರೈ ಬಂತು. ರತೀಶ್ ಒಂದು ತುಂಡು ಮುರಿದು ಕಣ್ಣು ಮಿಟುಕಿಸಿದ. "ಅತ್ತಿ, ಫ್ರೆಶ್ ಇತ್ತಾ, ಐಸಿಂದಾ? ನೀವೇ ಹೇಳ್ಕ್." ಎಲ್ಲರೂ ನಕ್ಕರು. ಜಲಜಳೂ ನಕ್ಕಳು.

ನಾಟಕ ಶುರುವಾಗಿ ಸ್ವಲ್ಪ ಹೊತ್ತು ಯಾವನೋ ಕುಡುಕ, ಯಾವನೋ ಸಾಹುಕಾರ ಬಂದು ಹೋದರು. ಆಮೇಲೆ ತೋಟದ ಬದಿಗೆ ಕಟ್ಟಿದ ತೆರೆಯ ಹಿಂದಿನಿಂದ ಒಂದು ಕೂಗು ಬಂತು.

"ಬಂಗ್ಡೀ... ಬಂಗ್ಡೀ... ಹೊಳಿತಾ ಇತ್ತ್ ಕಾಣಿ ಬಂಗ್ಡೀ..."

ಜಲಜಳ ಕೈ ತಟ್ಟೆಯಲ್ಲೇ ನಿಂತಿತು. 'ಬಂಗ್ಡೀ' ಎಂದು ಎಳೆದು, ಕೊನೆಗೆ ಮೂಗಿನಿಂದ ಮೇಲಕ್ಕೆತ್ತುವ ಆ ಕೂಗು ಉಪ್ಪುಂದದಲ್ಲಿ ಒಬ್ಬಳದ್ದೇ. ತಲೆಯ ಮೇಲೆ ಬುಟ್ಟಿ ಹೊತ್ತು ಬಚ್ಚ ಬಂದ. ಎದೆಗೆ ಏನೇನೋ ತುರುಕಿದ್ದ. ಬಾಯ್ತುಂಬ ಎಲೆಯಡಿಕೆ. ಮೈಮೇಲೆ ಅವಳ ಹಸಿರು ಸೀರೆ, ಅವಳೇ ಹೊಲಿದು ಕೊಟ್ಟದ್ದು. ರಂಗಸ್ಥಳದ ಈ ತುದಿಯಿಂದ ಆ ತುದಿಗೆ ಕಾಲೆಳೆಯುತ್ತ, ಪ್ರತಿ ಹೆಜ್ಜೆಗೂ ಸೊಂಟ ಒಂದು ಬದಿಗೆ ಎಸೆಯುತ್ತ ನಡೆದ. ಒಂದೊಂದು ಹೆಜ್ಜೆಗೂ ಡೋಲಿನವನು ಒಂದೊಂದು ಪೆಟ್ಟು ಕೊಟ್ಟ. ಜನ ಮೇಜು ಬಡಿದು ನಕ್ಕರು. ಪಕ್ಕದ ಮೇಜಿನ ಒಬ್ಬನಿಗೆ ನಗು ಹೆಚ್ಚಾಗಿ ನೆತ್ತಿಗೆ ಹತ್ತಿ ಕೆಮ್ಮು ಬಂತು.

ರತೀಶನ ತಾಯಿಯೂ ನಕ್ಕಳು. ಬಾಯಲ್ಲಿ ಮೀನು ಇಟ್ಟುಕೊಂಡೇ ನಕ್ಕಳು. ನಗುತ್ತ ನಗುತ್ತ ಜಲಜಳ ಕಡೆ ತಿರುಗಿದವಳಿಗೆ ಆಗಷ್ಟೇ ತಾನು ತೋಳು ಹಿಡಿದು ನಡೆಸಿಕೊಂಡು ಬಂದದ್ದು ನೆನಪಾಗಿರಬೇಕು. ಫಕ್ಕನೆ ಬಾಯಿ ಮುಚ್ಚಿ, ನೀರಿನ ಲೋಟ ಎತ್ತಿ, ಕುಡಿಯದೆ ಹಾಗೇ ಇಟ್ಟಳು. ಅವಳು ನಕ್ಕದ್ದಕ್ಕಿಂತ ನಗು ನಿಲ್ಲಿಸಿದ್ದೇ ಜಲಜಳಿಗೆ ಹೆಚ್ಚು ಉರಿಯಿತು. ಮೋಕ್ಷಿತಾ ತಲೆ ಎತ್ತಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹಲ್ಲು ಕಚ್ಚಿ ಕೂರಬಹುದಿತ್ತೇನೋ. ಮುಂದಿನ ದೃಶ್ಯದಲ್ಲಿ ಬಸ್ಸು ಬಂತು. ಬಸ್ಸಿನ ಜೊತೆ ಒಬ್ಬ ಕಂಡಕ್ಟರ್ ಬಂದ. ಮೀನಿನವಳು ಕಂಡಕ್ಟರನಿಗೆ ಕಣ್ಣು ಹೊಡೆದಳು. ಅವನು ಸೀಟಿ ಊದಿದ. ಇವಳು ನಾಚಿಕೊಂಡು, ಅವನ ಮೇಲಿನ ಕಣ್ಣು ತೆಗೆಯಲಾರದೆ, ಬಸ್ಸಿನಿಂದ ಕೆಳಗೆ ಬಿದ್ದಳು. ಸೀರೆ ಮೊಣಕಾಲಿನವರೆಗೆ ಹಾರಿತು. ಕಾಲು ಮುರಿಯಿತು. ಪ್ರೀತಿಗೆ ಬಿದ್ದು ಮುರಿದ ಕಾಲು ಅಂತ ಒಂದು ಹಾಡೂ ಇತ್ತು.

ಥೂ! ನಡೆದದ್ದು ಏನೆಂದು ಕೇಳಿ. ಆ ಕಾಲದಲ್ಲಿ ಮೀನಿನ ಬುಟ್ಟಿಯನ್ನು ಬಸ್ಸಿನ ಒಳಗೆ ಬಿಡುತ್ತಿರಲಿಲ್ಲ. ತಿನ್ನುವಾಗ ಯಾರಿಗೂ ಇಲ್ಲದ ವಾಸನೆ ಬಸ್ಸಿನಲ್ಲಿ ಮಾತ್ರ ಎಲ್ಲರಿಗೂ ಬರುತ್ತಿತ್ತು. ಮಳೆಗಾಲದ ಒಂದು ಬೆಳಿಗ್ಗೆ ಜಲಜ ಶಾಲೆಗೆ ಹೋಗುವ ಬಚ್ಚನನ್ನು ಒಳಗೆ ಸೀಟಿನಲ್ಲಿ ಕೂರಿಸಿ, ಅವನ ಅಂಗಿ ಒದ್ದೆಯಾಗದಂತೆ ಕಿಟಕಿಯ ತೆರೆ ಎಳೆದು, ತಾನು ಬುಟ್ಟಿ ತಬ್ಬಿಕೊಂಡು ಹಿಂದಿನ ಬಾಗಿಲ ಮೆಟ್ಟಿಲಲ್ಲಿ ನಿಂತಿದ್ದಳು. ಅಷ್ಟಕ್ಕೂ ಕಂಡಕ್ಟರ್ ಬೈದಿದ್ದ. ನಾವುಂದದ ಸ್ಟಾಪಿನಲ್ಲಿ ಅವಳು ಇಳಿಯಲು ಒಂದು ಕಾಲು ನೆಲಕ್ಕೆ ಇಡುವ ಮೊದಲೇ ಸೀಟಿ ಊದಿದ. ಬಸ್ಸು ಹೊರಟಿತು. ಬಿದ್ದವಳ ಎಡ ಮೊಣಕಾಲು ಮೈಯಡಿಗೆ ಸಿಕ್ಕಿ ಮುರಿಯಿತು. ಮೀನು ರಸ್ತೆ ತುಂಬ ಚೆಲ್ಲಿತು. ಓಡಿಬಂದ ಜನರಲ್ಲಿ ನಾಲ್ಕೈದು ಮಂದಿ ಮೊದಲು ಹೆಕ್ಕಿದ್ದು ಮೀನನ್ನು. ಬಚ್ಚ ಮುಂದಿನ ಸ್ಟಾಪಿನಲ್ಲಿ ಇಳಿದು, ಮಳೆಯಲ್ಲಿ ಅಳುತ್ತ ಓಡಿಬಂದು, "ಅಕ್ಕಾ ಸಾಯ್ಬ್ಯಾಡ" ಎಂದು ಅವಳ ಕುತ್ತಿಗೆಗೆ ಜೋತುಬಿದ್ದಿದ್ದ. ಆ ಹುಡುಗನೇ ಇವನು. ಗಂಡ ಸತ್ತವಳ ಕಾಲು ಮುರಿದದ್ದನ್ನು, ಅವಳ ಬೀಗರ ಎದುರಿಗೆ, ಕಂಡಕ್ಟರನ ಜೊತೆಗಿನ ಚೆಲ್ಲಾಟ ಮಾಡಿ ಕುಣಿಯುತ್ತಿದ್ದ.

ಹಾಡು ಮುಗಿಸಿ ಬಚ್ಚ ಬುಟ್ಟಿಯೊಂದಿಗೆ ಕೆಳಗಿಳಿದ. ಮೇಜಿನಿಂದ ಮೇಜಿಗೆ ಹೋಗಿ ಪ್ಲಾಸ್ಟಿಕ್ಕಿನ ಮೀನು ಮಾರುವುದು, ಊಟ ಮಾಡುವವರ ಹತ್ತಿರ ಚೌಕಾಸಿ ಮಾಡುವುದು ನಾಟಕದ ಭಾಗ. ಅವನ ಜೊತೆಗೇ ಲೈಟೂ ಬಂತು. ಜಲಜಳ ಮೇಜಿನ ಎದುರು ಬಂದವನ ಮುಖ ಬಣ್ಣದ ಒಳಗಿನಿಂದಲೂ ಅರಳಿತು. ನಾಚಿಕೆ ಇಲ್ಲ, ಹೆದರಿಕೆ ಇಲ್ಲ, ಬಹುಮಾನ ತಂದು ತೋರಿಸುವವನ ಮುಖ ಅದು.

"ಹ್ವಾಯ್, ಎಲ್ರೂ ಇಲ್ಲ್ ಕಾಣಿ!" ಎಂದು ಮೈಕಿನಲ್ಲಿ ಕೂಗಿದ. "ಇದ್ ನಮ್ಮಕ್ಕ! ನಂಗ್ ಈ ಪಾರ್ಟ್ ಕಲ್ಸಿದ್ದ್ ಇದೇ! ಚಪ್ಪಾಳಿ ಬರ್ಲಿ!"

ಚಪ್ಪಾಳೆ ಬಿತ್ತು. ಲೈಟು ಜಲಜಳ ಮುಖಕ್ಕೆ ತಿರುಗಿತು.

"ಅಕ್ಕಾ, ಒಂದ್ಸಲ ಎದ್ದ್ ನಾಕ್ ಹೆಜ್ಜಿ ನಡಿ ಕಾಂಬ. ಒರಿಜಿನಲ್ ಹ್ಯಾಂಗಿತ್ತ್ ಅಂದೇಳಿ ಇವ್ರೂ ಕಾಣ್ಲಿ."

"ನಡೀರಿ, ನಡೀರಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಜಲಜ ಎದ್ದಳು. ಕೈಗೆ ಹತ್ತಿದ ಮಸಾಲೆಯನ್ನು ರೇಷ್ಮೆ ಸೀರೆಗೇ ಒರೆಸಿದಳು. ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತಿದ್ದವು. ಆದರೆ ಅವಳ ಬಾಯಿಂದ ಬಂದದ್ದು ಒಂದು ಪ್ರಶ್ನೆ.

"ಬಚ್ಚ, ನನ್ನ ಯಾವ ಕಾಲ್ ಮುರ್ದದ್ದ್?"

"ಎಂತ ಅಕ್ಕಾ?"

"ಕೆಮಿ ಕೇಂತಿಲ್ಯಾ? ಯಾವ ಕಾಲ್?"

ಬಚ್ಚ ಅವಳ ಸೀರೆಯ ನೆರಿಗೆ ನೋಡಿದ. ಆಮೇಲೆ ತನ್ನ ಕಾಲು ನೋಡಿಕೊಂಡ. ರಂಗಸ್ಥಳದ ಮೇಲೆ ಅಷ್ಟು ಹೊತ್ತು ಎಳೆದಾಡಿದ್ದು ಬಲಗಾಲು.

"ಬಲ್ಗಾಲ್... ಅಲ್ದಾ?"

ಜನ ಹೋ ಎಂದು ನಕ್ಕರು. ಇದೂ ನಾಟಕವೇ ಎಂದು ಅವರ ಲೆಕ್ಕ.

"ಎಡ್ಗಾಲ್," ಎಂದಳು ಜಲಜ. ಮೈಕು ಬೇಕಾಗಲಿಲ್ಲ, ತೆಂಗಿನ ತೋಟದ ಆಚೆ ತುದಿಗೂ ಕೇಳಿತು. "ಎಡ್ಗಾಲ್ ಕಾಣ್! ಈ ಕಾಲ್ ಎಳ್ಕಂಡ್ ನಿಂಗ್ ಅನ್ನ ಹಾಕಿದೆ. ಈ ಕಾಲಲ್ಲೇ ನಿನ್ನ ಶಾಲಿಗ್ ಕಳ್ಸಿದೆ. ಇಷ್ಟ್ ವರ್ಷ ನನ್ನ ಹಿಂದೆ ನಡ್ದ್ಕಂಡ್ ಬಂದ್, ಯಾವ ಕಾಲ್ ಅಂದೇಳಿ ನೀ ಕಾಣ್ಲೇ ಇಲ್ಲ ಅಲ್ದಾ? ನಗ್ಸುಕ್ ಮಾತ್ರ ಬೇಕಾಯ್ತಾ ನಿಂಗ್ ಅಕ್ಕನ ಕಾಲ್?"

ಚಪ್ಪಾಳೆ ಇನ್ನೂ ಜೋರಾಯಿತು. ಎಷ್ಟು ಚಂದ ಮಾಡಿದಳು ಅಂತ ಒಬ್ಬ ಗೆಳೆಯನಿಗೆ ಹೇಳುತ್ತಿದ್ದ. ಜಲಜ ಮೇಜುಗಳ ನಡುವಿನಿಂದ ಹೊರಟಳು. ಲೈಟಿನವನು ದಡ್ಡನೋ ದುಷ್ಟನೋ, ತೋಟದ ಬಾಗಿಲವರೆಗೂ ಅವಳ ಬೆನ್ನು ಬಿಡಲಿಲ್ಲ. ಎಡಗಾಲು ಎಳೆದ ಹೆಜ್ಜೆಗೊಂದು ಪೆಟ್ಟು ಡೋಲಿನವನೂ ಕೊಟ್ಟ. ಯಾರೋ ಸಿಳ್ಳೆ ಹಾಕಿದರು.

ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಜಲಜ ಕಾರಿನ ಬಾಗಿಲು ಹಿಡಿದು ನಿಂತಳು. ರತೀಶನೂ ಅವನ ತಾಯಿಯೂ ಹಿಂದೆಯೇ ಓಡಿಬಂದರು. ಮೋಕ್ಷಿತಾ ಚೀಲ, ಮೊಬೈಲು ಹೆಕ್ಕಿಕೊಂಡು ಬರಲು ಒಳಗೇ ಉಳಿದಿದ್ದಳು.

"ಅಕ್ಕ, ನಾನೂ ನಗಾಡ್ದೆ," ಎಂದಳು ರತೀಶನ ತಾಯಿ. ಅವಳ ಕಣ್ಣು ಒದ್ದೆಯಾಗಿತ್ತು. "ನಂದ್ ತಪ್ಪಾಯ್ತ್. ಆ ಕಂಡಕ್ಟರಿನ ಕಥಿ ಎಲ್ಲ ನಾವ್ ನಂಬುದಿಲ್ಲ ಕಾಣಿ."

"ನೀವ್ ನಗಾಡಿದ್ದಕ್ಕೆ ನಂಗ್ ಸಿಟ್ಟಿಲ್ಲ. ನಿಮ್ಗ್ ಅಂವ ತಮ್ಮ ಅಲ್ಲ."

ಜಲಜ ತೋಟದ ಬಾಗಿಲ ಕಡೆಯೇ ನೋಡುತ್ತಿದ್ದಳು. ಬಚ್ಚ ಬರುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಬಣ್ಣ ಮೆತ್ತಿದ ಮುಖದಲ್ಲೇ, ಆ ಹಸಿರು ಸೀರೆ ಎತ್ತಿಕೊಂಡು, ಅವತ್ತು ನಾವುಂದದಲ್ಲಿ ಬಂದ ಹಾಗೆ ಓಡಿಬರುತ್ತಾನೆ. ಬಂದರೆ ಕೆನ್ನೆಗೆ ಒಂದು ಬಿಗಿಯುವುದು, ಬಾಯಿಗೆ ಬಂದ ಹಾಗೆ ಬೈಯುವುದು, ಆಮೇಲೆ ಬಿಟ್ಟುಬಿಡುವುದು. ಹಾಳಾದವನು, ತಿಳಿಯದೆ ಮಾಡಿದ. ಅಷ್ಟು ಮನಸ್ಸು ಮಾಡಿಕೊಂಡೇ ಅವಳು ನಿಂತಿದ್ದಳು. ಇಂಥ ಹೆಂಗಸಿಗೆ ಬಾಯಿ ಜೋರು ಅನ್ನುತ್ತಾರೆ.

ಬಾಗಿಲಲ್ಲಿ ಕಾಣಿಸಿದ್ದು ಮೋಕ್ಷಿತಾ ಮಾತ್ರ. ಒಳಗಿಂದ ಮತ್ತೆ ಡೋಲು ಕೇಳಿತು, ಹಿಂದೆಯೇ ನಗು. ಆಗಿನದಕ್ಕಿಂತ ಈಗಿನ ನಗು ದೊಡ್ಡದಿತ್ತು.

"ಮಾಮ ಎಲ್ಲಿ?" ಎಂದು ಜಲಜ ಕೇಳಿದಳು.

ಮೋಕ್ಷಿತಾ ಕಾರಿನ ಆಚೆ ಬಾಗಿಲ ಕಡೆ ನಡೆದಳು.

"ಕೇಂಡದ್ದಕ್ಕೆ ಹೇಳ್. ಅಂವ ಎಂತ ಮಾಡ್ತಾ ಇದ್ದ?"

"ನಾಟ್ಕ ಮುಂದುವರ್ಸಿದ ಅಮ್ಮ." ಹುಡುಗಿ ಚೀಲದ ಹಿಡಿಯನ್ನು ತಿರುಚುತ್ತಿದ್ದಳು. "ಈಗ ಎಡ್ಗಾಲಿಗ್ ಕುಂಟ್ತಾ ಇದ್ದ."

ಜಲಜ ಹೇಳಿದ್ದನ್ನು ತಮ್ಮ ಕೇಳಿಸಿಕೊಂಡಿದ್ದ. ಚೆನ್ನಾಗಿಯೇ ಕೇಳಿಸಿಕೊಂಡು, ಪಾರ್ಟು ತಿದ್ದಿಕೊಂಡಿದ್ದ. ಅವಳ ಒಳಗೆ ಇಷ್ಟು ಹೊತ್ತು ಕುದಿಯುತ್ತಿದ್ದದ್ದು ತಣ್ಣಗಾಗಿ ಗಟ್ಟಿಯಾಯಿತು.

"ಧಾರಿಗೆ ಅಂವ ಬಪ್ಪುದ್ ಬ್ಯಾಡ," ಎಂದಳು.

ರತೀಶನ ತಾಯಿ ಬೆಚ್ಚಿದಳು. "ಮತ್ತೆ ಹೆಣ್ಣಿನ ಕೈ ಹಿಡ್ದ್ ಮಂಟಪಕ್ಕೆ ಕರ್ಕಂಡ್ ಬಪ್ಪುದ್ ಯಾರ್ ಅಕ್ಕ?"

"ನಾನ್."

ಗಂಡ ಇಲ್ಲದವಳು ಆ ಹೊತ್ತಿನಲ್ಲಿ ಮಂಟಪದ ಹತ್ತಿರ ಸುಳಿಯುವುದಿಲ್ಲ, ಒಳಕೋಣೆಯಲ್ಲೋ ಅಡುಗೆಯವರ ಬಳಿಯೋ ನಿಂತು ವಾಲಗ ಕೇಳಿಸಿಕೊಳ್ಳುತ್ತಾಳೆ. ಅದು ಜಲಜಳಿಗೂ ಗೊತ್ತು, ರತೀಶನ ತಾಯಿಗೂ ಗೊತ್ತು. ಆ ತಾಯಿ ಮಗನ ಮುಖ ನೋಡಿದಳು. ರತೀಶ್, "ಅತ್ತಿ ಬರ್ಲಿ ಅಮ್ಮ," ಎಂದ. ಅವಳು ಆಗಲಿ ಎಂದು ತಲೆಯಾಡಿಸಿದಳು.

"ಊರಿಗ್ ಊರೇ ಕೂಕಂಡಿರತ್ತ್ ಅಲ್ಲಿ," ಎಂದಳು ಜಲಜ. "ಕೂಕಣ್ಲಿ. ಅಷ್ಟ್ ಜನರ ಎದ್ರಿಗೆ ನಾನ್ ಕುಂಟ್ಕಂಡೇ ಬತ್ತೆ. ಯಾರ್ ನಗಾಡ್ತ್ರ್ ಕಾಂತೆ ಆಗ."

ಒಳಗೆ ಹಾಡು ಮತ್ತೆ ಶುರುವಾಗಿತ್ತು. ಅವಳು ತಿರುಗಿ ನೋಡಲಿಲ್ಲ. ಕಾರಿನಲ್ಲಿ ಕೂತು, ಯಾವತ್ತಿನ ಹಾಗೆ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ತಾನೇ ಬಾಗಿಲು ಎಳೆದುಕೊಂಡಳು.