ಎಡಗೈಯಲ್ಲಿ ಬರೆದ ದೋಣಿ

ಮೆಲ್ಬರ್ನಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಇವತ್ತು ಬಣ್ಣಕ್ಕೆ ಬೆರೆಸುವ ಟರ್ಪಂಟೈನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ತಕ್ಷಣ ಸಿಡ್ನಿಯ ಟೂಂಗಾಬಿಯಲ್ಲಿದ್ದ ನಮ್ಮ ಪಕ್ಕದ ಮನೆಯ ಗರಾಜು ಕಣ್ಣೆದುರು ಬಂತು.

ಅದು ಫರೀದ್ ಅಂಕಲ್ ಮನೆ. ಢಾಕಾದಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದವರು ಇಲ್ಲಿ ವಾರವಿಡೀ ಪ್ಯಾಕಿಂಗ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಶನಿವಾರ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆ ಗರಾಜಿನಲ್ಲಿ ನಮಗೆ ನಾಲ್ಕೈದು ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಕಾಗದದಿಂದ ಕೈಯೆತ್ತದೆ ಒಂದೇ ಗೆರೆಯಲ್ಲಿ ದೋಣಿ ಬರೆಯುತ್ತಿದ್ದರು.

ಒಂದು ದಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಮೂರು ಬೆರಳು ತುಂಡಾದವು. ಗಾಯ ಮಾಯ್ದ ಮೇಲೆ ನಮ್ಮನ್ನು ಮತ್ತೆ ಕರೆದರು. ಬೋರ್ಡಿನ ಮುಂದೆ ನಿಲ್ಲದೆ ನಮ್ಮ ಸಾಲಿನಲ್ಲೇ ಕೂತು, “ಇವತ್ತಿಂದ ನಾನೂ ನಿಮ್ ಜೊತೆ ಕಲೀತೀನಿ ಬೇಟಾ,” ಎಂದು ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಹೇಳಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದರು. ದೋಣಿ ಸೊಟ್ಟಗಾಯಿತು.

“ಅಂಕಲ್, ಇದು ಚಪ್ಪಲಿ ಥರ ಇದೆ!” ಎಂದು ನಾನು ನಕ್ಕೆ. ಎಲ್ಲರೂ ನಕ್ಕರು. ಅಂಕಲ್ ಕೂಡ ನಕ್ಕು, ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

ಮುಂದಿನ ಶನಿವಾರ ಗರಾಜಿನ ಬಾಗಿಲು ತೆರೆಯಲಿಲ್ಲ. ಆಮೇಲೂ ತೆರೆಯಲಿಲ್ಲ. ಕೆಲವು ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿಕೊಂಡು ಹೋದರು.

ಅಂಗಡಿಯಿಂದ ಹೊರಬಂದು ಅಮ್ಮನಿಗೆ ಫೋನ್ ಮಾಡಿ ಫರೀದ್ ಅಂಕಲ್ ಈಗ ಎಲ್ಲಿದ್ದಾರೆಂದು ಕೇಳಿದೆ.

“ಅವರು ತೀರಿಹೋಗಿ ಎರಡು ವರ್ಷ ಆಯ್ತಂತೆ ಕಣೆ. ಪಾಪ, ಕೈ ನೋವಿಗೇ ಅಲ್ವಾ ಕ್ಲಾಸ್ ನಿಲ್ಲಿಸಿದ್ದು?” ಎಂದಳು ಅಮ್ಮ.

ನಾನು ಹೂಂ ಎಂದೆ.