ಸಮುದ್ರದ ಲೆಕ್ಕ ಹಿಡಿದು ನಿಂತದ್ದು

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟೆ. ಆದರೂ ರಾಯಚೂರು ಸ್ಟೇಶನ್ನಿನ ಹಳದಿ ಬೋರ್ಡನ್ನು ನನ್ನಷ್ಟು ಗತ್ತಿನಿಂದ ಓದುವವರು ಇರಲಿಕ್ಕಿಲ್ಲ. ಮೊನ್ನೆ ಅದಕ್ಕೆ ಹೊಸ ಬಣ್ಣ ಬಳಿದಿದ್ದರು. ಊರಿನ ಹೆಸರಿನ ಕೆಳಗೆ, ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಎಂದು ಸಣ್ಣದಾಗಿ ಬರೆದಿರುತ್ತದೆ, ನೋಡಿದ್ದೀರಲ್ಲ? ಸಮುದ್ರವೇ ಇಲ್ಲದ ಸೀಮೆಗೆ ಆ ಲೆಕ್ಕ ಹೇಗೆ ಬಂತೆಂದು ಕೇಳಿ. ನೀವು ಕೇಳದಿದ್ದರೂ ನಾನು ಹೇಳುವವನೇ.

ಬಂದರಿನಲ್ಲಿ ನೀರಿನ ಏರಿಳಿತವನ್ನು ವರ್ಷಗಟ್ಟಲೆ ಅಳೆದು, ಸರಾಸರಿಯನ್ನು ಸೊನ್ನೆ ಎಂದು ಹಿಡಿಯುತ್ತಾರೆ. ಅಲ್ಲಿಂದ ಗುರುತಿನ ಕಲ್ಲಿನಿಂದ ಕಲ್ಲಿಗೆ ಎತ್ತರವನ್ನು ಒಳನಾಡಿಗೆ ತರುತ್ತಾರೆ. ದುರ್ಬೀನಿನಲ್ಲಿ ನೋಡುವವರು ಸಾಹೇಬರು. ಅಂಕಿ ಬರೆದ ಉದ್ದನೆಯ ಕೋಲನ್ನು ನೆಟ್ಟಗೆ ಹಿಡಿಯುವವನು ನಾನು. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಸರ್ವೆ ತಂಡ ಮಾನ್ವಿಯಿಂದ ದೇವದುರ್ಗದ ಕಡೆ ಹೊರಟಿತ್ತು. ಎರೆ ನೆಲ, ಪಕ್ಕದಲ್ಲಿ ಹೆಜ್ಜೆ ಇಟ್ಟರೂ ಅದುರುತ್ತದೆ. ಕೋಲಿನ ಬುಡಕ್ಕೆ ಕಬ್ಬಿಣದ ತಟ್ಟೆ. ದುರ್ಬೀನನ್ನು ಎತ್ತಿ ಮುಂದೆ ಒಯ್ದು, ಅಲ್ಲಿಂದ ತಿರುಗಿ ನೋಡುವ ತನಕ ಆ ತಟ್ಟೆ ಅಲುಗಬಾರದು. ಅಲುಗಿತೋ, ಬೆಳಗಿನ ಕೆಲಸವೆಲ್ಲ ನೀರುಪಾಲು. ಮತ್ತೆ ಹಿಂದಿನ ಕಲ್ಲಿಗೆ ನಡೆಯಬೇಕು.

ಒಂದು ದಿನ ಸಾಹೇಬರು ದುರ್ಬೀನು ಎತ್ತಿಸಿಕೊಂಡು ಮುಂದೆ ಹೋಗಿದ್ದರು; ಸರಿಯಾಗಿ ಆ ಹೊತ್ತಿಗೇ, ನನಗೆ ನೋಡಿದ್ದ ಹೆಣ್ಣಿನ ತಂದೆ ನನ್ನನ್ನು ನೋಡಲು ಬಂದರು. ದೇವದುರ್ಗದ ಕಡೆಯ ರೈತರು, ತಲೆಗೆ ಬಿಳಿ ರುಮಾಲು. ಹುಡುಗಿಯನ್ನು ನಾನು ಒಪ್ಪಿ ಆಗಿತ್ತು. ಇವರು ಹೂಂ ಅನ್ನುವುದೊಂದು ಬಾಕಿ. ಓಡಿಹೋಗಿ ಕಾಲು ಮುಟ್ಟಬೇಕಾದವನು ಕದಲಲಿಲ್ಲ. ಸಾಲದ್ದಕ್ಕೆ ಕೂಗಿದೆ:

“ಯಪ್ಪಾ, ಅಲ್ಲೇ ನಿಂದರ್ರಿ! ಹತ್ರ ಬರಬ್ಯಾಡ್ರಿ!”

ಜೊತೆಗಿದ್ದ ಅವರ ತಮ್ಮ ನಕ್ಕ. “ಅಣ್ಣಾ, ಅಳಿಯ ಭಾಳ ಮರ್ಯಾದಿ ಇದ್ದಾವ ನೋಡು.”

“ಹಿರೇರ ಕಾಲಿಗಿ ಬೀಳೂದು ಬಿಟ್ಟು ಕಟಿಗಿ ತಬ್ಕೊಂಡು ನಿಂತೀಯಲ್ಲೋ,” ಎಂದರು ಅವರು.

“ಇದು ಸಮುದ್ರದಿಂದ ಬಂದ ಲೆಕ್ಕ ಅದ ರೀ. ನೀವು ಹೆಜ್ಜಿ ಇಟ್ರ ನೆಲ ಅಲುಗ್ತದ. ಸಾಹೇಬ್ರು ನೋಡಿ ಕೈ ಎತ್ಲಿ, ಆಮ್ಯಾಲ ಬೀಳ್ತೀನ್ರಿ.”

“ಎತ್ತಲಿಲ್ಲಂದ್ರ?”

“ಎತ್ತೋ ತನಕ ಹಿಂಗ ನಿಂದ್ರತೀನ್ರಿ.”

ಹೆಣ್ಣು ಕೈತಪ್ಪಿತು ಎಂದುಕೊಂಡೆ. ಕಣ್ಣಿಗಿಳಿದ ಬೆವರು ಉರಿಯುತ್ತಿತ್ತು. ಅದು ಬೆವರೇ ಎಂದು ಈಗಲೂ ವಾದಿಸುತ್ತೇನೆ. ಹಿರಿಯರು ಮಾತ್ರ ಹೋಗಲಿಲ್ಲ. ಬಿಸಿಲಿನಲ್ಲಿ ತಾವೂ ನಿಂತರು. ಬೀಡಿಗೆ ಬೆಂಕಿ ಕೇಳಲು ಅವರ ತಮ್ಮ ನನ್ನತ್ತ ಹೊರಟಾಗ ಅವನ ರಟ್ಟೆ ಹಿಡಿದು ಎಳೆದರು.

“ಲೇ, ಸುಮ್ನ ನಿಂದರಲೇ! ನೆಲ ಅಲುಗ್ತದಂತ ಹೇಳಾಕತ್ತಾನ, ಕೇಳ್ಸಲ್ಲೇನು?”

ದೂರದಲ್ಲಿ ಸಾಹೇಬರ ಕೈ ಮೇಲೆದ್ದಿತು. ಓಡಿಹೋಗಿ ಹಿರಿಯರ ಕಾಲಿಗೆ ಬಿದ್ದೆ. ಭುಜ ಹಿಡಿದು ಎಬ್ಬಿಸಿದರು.

“ಐತವಾರ ಮನಿಗಿ ಬಾ. ಆ ಕಟಿಗಿ ತರಬ್ಯಾಡ.”

ಅಂದು ನಮ್ಮ ಲೆಕ್ಕ ಮುಂದಿನ ಕಲ್ಲಿಗೆ ತಪ್ಪಿಲ್ಲದೆ ಕೂಡಿತು.

ಈಗ ನನಗೆ ರಾಯಚೂರಿನಲ್ಲಿ ಸ್ವಂತದ್ದೊಂದು ಮನೆ ಇದೆ, ಆ ರೈತರ ಮಗಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ನಾಲ್ವರು ಮೊಮ್ಮಕ್ಕಳು.