ಹಾಯಿದೋಣಿಯ ಆರನೆಯ ಆಳು

ಸತ್ತವನೊಬ್ಬನ ಮುಖವನ್ನು ನಾನು ಕೈಯಾರೆ ಅಳಿಸಿಹಾಕಿದ್ದೇನೆ. ಈ ವಿಷಯವನ್ನು ಒಂದಿಬ್ಬರಿಗೆ ಅರ್ಧ ಹೇಳಿದ್ದೇನೆ. ಉಳಿದರ್ಧ ಹೇಳಲು ಇಷ್ಟು ವರ್ಷ ಬೇಕಾಯಿತು.

ಎರಡು ಸಾವಿರದ ಮೂರು–ನಾಲ್ಕರ ಸುಮಾರಿಗೆ ನಾನು ಮೆಲ್ಬರ್ನಿನಲ್ಲಿ ಓದುತ್ತಿದ್ದೆ. ಧಾರವಾಡದಲ್ಲಿ ಉಂಡ ತಾಟು ಎತ್ತದೆ ಬೆಳೆದವಳು, ರೆಂಟ್ ಕಟ್ಟಲೆಂದು ಕ್ರಾನ್‌ಬರ್ನಿನ ಒಂದು ವೃದ್ಧಾಶ್ರಮದಲ್ಲಿ ಶನಿವಾರ ಭಾನುವಾರ ಮುದುಕರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ತೊಂಬತ್ತು ದಾಟಿದವರನ್ನೂ ಹೆಸರು ಹಿಡಿದು ಕೂಗುವುದು ರೂಢಿ. ನನಗೆ ನಾಲಿಗೆಯೇ ಹೊರಳಲಿಲ್ಲ. ಕೊನೆಯ ಕೋಣೆಯ ಮುದುಕಿಯನ್ನು ಅಜ್ಜಿ ಎಂದೇ ಕರೆದೆ. ಅವರು ಅರ್ಥ ಕೇಳಿದರು, ಹೇಳಿದೆ. ಮದುವೆಯೇ ಆಗದ ತಾನು ಏಕ್‌ದಂ ಅಜ್ಜಿಯಾದದ್ದು ಒಳ್ಳೆಯದೇ ಆಯಿತು ಎಂದು ನಕ್ಕರು.

ಅಜ್ಜಿಗೆ ಹೇಳಲು ಇದ್ದದ್ದು ಒಂದೇ ಕಥೆ. ಮೊದಲ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ ಸಿಡ್ನಿ ಬಂದರಿನಲ್ಲಿ ದೊಡ್ಡ ಮನೆತನದವರು ಹಾಯಿದೋಣಿಗಳ ಪಂದ್ಯ ಆಡುತ್ತಿದ್ದರು. ದೋಣಿಯ ಚುಕ್ಕಾಣಿ ಹಿಡಿಯುವವನು ಯಜಮಾನ. ಹಗ್ಗ ಎಳೆಯುವವರು, ಹಾಯಿ ಏರಿಸುವವರು, ದೋಣಿ ವಾಲಿದಾಗ ಎತ್ತರದ ಅಂಚಿಗೆ ಸಾಲಾಗಿ ಮಲಗಿ ಭಾರ ಕೊಡುವವರು ಕೂಲಿ ಆಳುಗಳು. ಅವರೆಲ್ಲ ಎದೆಯ ಮೇಲೆ ದೋಣಿಯ ಹೆಸರು ಹೆಣೆದ ಉಣ್ಣೆಯ ಅಂಗಿ ತೊಡಬೇಕು. ಅಜ್ಜಿಯ ಅಪ್ಪ ಅಂಥ ಆರು ಆಳುಗಳಲ್ಲಿ ಒಬ್ಬ. ಒಂದು ಪಂದ್ಯದಲ್ಲಿ ದೋಣಿಯ ಮೂತಿಯ ತುದಿಗೆ ಹೋಗಿ ಸಿಕ್ಕಿಕೊಂಡ ಹಾಯಿ ಬಿಡಿಸುವಾಗ ನೀರಿಗೆ ಬಿದ್ದ. ದೋಣಿ ಮುಂದಿತ್ತು. ಯಜಮಾನ ತಿರುಗಿಸಲಿಲ್ಲ, ಹಿಂದಿನವರು ಎತ್ತಿಕೊಳ್ಳುತ್ತಾರೆ ಎಂದನಂತೆ. ಹಿಂದಿನವರೂ ಪಂದ್ಯದಲ್ಲೇ ಇದ್ದರು. ಬೆಳ್ಳಿಯ ಕಪ್ ಆ ದಿನ ಯಜಮಾನನಿಗೇ ಬಂತು.

ಮರುವಾರ ದೋಣಿಯ ಕಡೆಯಿಂದ ಒಬ್ಬ ಮನೆಗೆ ಬಂದನಂತೆ. ಆಳಿಗೆ ಕೊಟ್ಟಿದ್ದು ಎರಡು ಅಂಗಿ. ಒಂದು ಅವನ ಜೊತೆ ಹೋಯಿತು, ಇನ್ನೊಂದು ದೋಣಿಯ ಸೊತ್ತು. ಆರು ತಿಂಗಳ ಬಸುರಿ ಹೆಂಡತಿ ಅದನ್ನು ಒಗೆದು, ಇಸ್ತ್ರಿ ಮಾಡಿ ಕೊಟ್ಟಳು. ಇದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿಗೆ ಮಾತ್ರ ಸಿಟ್ಟು ಉಳಿದಿರಲಿಲ್ಲ. ಮನೆಯಲ್ಲಿ ಅಪ್ಪನ ಒಂದೂ ಫೋಟೋ ಇರಲಿಲ್ಲ. ಅವನ ರೂಪದ ಬಗ್ಗೆ, ಹಗ್ಗಕ್ಕೆ ಸಿಕ್ಕಿ ಒಂದು ಕಿರುಬೆರಳು ಹೋಗಿತ್ತು ಎಂಬುದಷ್ಟೇ ಅವರಿಗೆ ಗೊತ್ತು. ಸಾಯುವ ಮುಂಚೆ ಅಪ್ಪನ ಮುಖ ಒಂದು ಸಲ ನೋಡಬೇಕು, ಅವರಿಗೆ ಬೇಕಾದದ್ದು ಅಷ್ಟೇ.

ಓದು ಮುಗಿದ ಮೇಲೆ ನಾನು ಸಿಡ್ನಿಗೆ ಬಂದೆ. ಬ್ಲ್ಯಾಕ್‌ಟೌನಿನಲ್ಲಿ ಹುಬ್ಬಳ್ಳಿಯ ಅಕ್ಕ ಒಬ್ಬರ ಮನೆಯಲ್ಲಿ ಒಂದು ರೂಮು, ಮ್ಯಾಕ್ವೆರಿ ಪಾರ್ಕಿನಲ್ಲಿ ಕೆಲಸ. ಹಳೆಯ ಕಾಗದ, ಫೋಟೋಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಒಂದು ಸಣ್ಣ ಕಂಪನಿ. ಒಂದು ದಿನ ಯಾವುದೋ ಸಿರಿವಂತ ಮನೆಯ ಉಗ್ರಾಣದಿಂದ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆಗಳು ಬಂದವು. ಅವುಗಳ ಮೇಲೆ ಬರೆದಿದ್ದ ದೋಣಿಯ ಹೆಸರು ಅಜ್ಜಿಯಿಂದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ.

ನೆಗೆಟಿವಿನಲ್ಲಿ ಎಲ್ಲ ತಿರುಗುಮುರುಗು. ಹಾಯಿಗಳು ಕಪ್ಪು, ಟೊಪ್ಪಿಗೆಯ ಹೆಂಗಸರ ಬಿಳಿ ನಿಲುವಂಗಿಗಳು ಕಪ್ಪು, ಆ ದೊರೆಗಳೆಲ್ಲ ನನಗಿಂತ ಕಪ್ಪು. ಕಣ್ಣಿನ ಪಾಪೆ ಮಾತ್ರ ಬೆಳ್ಳಗೆ. ಒಂದು ಫಲಕದಲ್ಲಿ ಹಿಂಬದಿಗೆ ಯಜಮಾನ, ಅತಿಥಿಗಳು, ನಾಯಿ. ಮುಂಬದಿಗೆ ಅಂಗಿ ತೊಟ್ಟ ಆಳುಗಳು. ಜೊತೆಗಿದ್ದ ಚೀಟಿಯಲ್ಲಿ ಅತಿಥಿಗಳ ಹೆಸರಿತ್ತು, ನಾಯಿಯ ಹೆಸರೂ ಇತ್ತು. ಕೊನೆಗೆ ‘ಮತ್ತು ಆಳುಗಳು’ ಎಂದಿತ್ತು. ಭೂತಗನ್ನಡಿ ಹಿಡಿದು ಕೈಗಳನ್ನು ಎಣಿಸುತ್ತ ಹೋದೆ. ಕಂಬಕ್ಕೆ ಆತು ನಿಂತ ಆರನೆಯವನ ಒಂದು ಕೈಯಲ್ಲಿ ನಾಲ್ಕೇ ಬೆರಳು.

ಅವನ ಮುಖದ ಮೇಲೆ ಬೂಸಲು ಕೂತಿತ್ತು. ಮಾಸಲು ಬೂಸಲು, ಹೆಬ್ಬೆರಳಿನಷ್ಟು ಅಗಲ. ಅದರ ಹಿಂದೆ ಏನಿದೆಯೆಂದು ಕಾಣುತ್ತಿರಲಿಲ್ಲ.

ಗಾಜಿನ ನೆಗೆಟಿವಿಗೆ ಎರಡು ಮಗ್ಗುಲು. ಹೊಳೆಯುವುದು ಬರೀ ಗಾಜು, ಅದನ್ನು ಒರೆಸಬಹುದು. ಮಂಕಾದ ಮಗ್ಗುಲಲ್ಲಿ ಚಿತ್ರವೇ ಲೇಪವಾಗಿ ಕೂತಿರುತ್ತದೆ; ಅಲ್ಲಿಗೆ ಒಣ ಕುಂಚ ಬಿಟ್ಟರೆ ಬೇರೇನೂ ತಾಗಬಾರದು. ಇದು ನನಗೆ ಗೊತ್ತಿತ್ತು, ಹೊಸಬರಿಗೆ ಕಲಿಸುತ್ತಿದ್ದವಳೂ ನಾನೇ. ಆದರೆ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಗೋಡೆಯ ಮೇಲಿನ ಹಿರಿಯರ ಫೋಟೋ ಒರೆಸುವುದು ಏಳು ವರ್ಷದವಳಿದ್ದಾಗಿನಿಂದ ನನ್ನ ಪಾಲಿನ ಕೆಲಸ. ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಡುವುದು, ಅವ್ವನ ಸೆರಗಿನ ತುದಿಯಿಂದ ಮೊದಲು ಮುಖ ಒರೆಸುವುದು, ಆಮೇಲೆ ಕುಂಕುಮ. ಅಜ್ಜನ ಮುಖದ ಮೇಲೆ ಧೂಳು ಇರಗೊಡಬಾರದು ಅನ್ನುತ್ತಿದ್ದರು ಅವ್ವ. ಆ ಹೊತ್ತು ನನಗೆ ಸಂತೋಷದಿಂದ ಕಣ್ಣು ತುಂಬಿತ್ತು. ಸಿಕ್ಕಿದೆಯಲ್ಲೋ ಯಪ್ಪಾ ಎಂದುಕೊಂಡೆ. ‘ಹಾ’ ಎಂದು ಉಸಿರು ಬಿಟ್ಟು ಓಢಣಿಯ ತುದಿಯಿಂದ ಒರೆಸಿದೆ.

ಬೂಸಲು ಹಿಡಿದ ಲೇಪಕ್ಕೆ ಅಷ್ಟು ಪಸೆ ಸಾಕು. ಬಟ್ಟೆಯ ಮೇಲೆ ಕಂದು ಕಲೆ ಬಂತು, ಗಾಜಿನಲ್ಲಿ ತೂತು ಬಿದ್ದಂತೆ ಬೆಳಕು ಬಂತು. ಅಂಗಿ ಇತ್ತು, ಕೈ ಇತ್ತು, ಕತ್ತು ಇತ್ತು. ಮೇಲೆ ಏನೂ ಇರಲಿಲ್ಲ.

ಮೇಲಧಿಕಾರಿ ಬಂದು ನೋಡಿದ. ನಾನು ಅಳುತ್ತಿದ್ದುದನ್ನು ಕಂಡು ಸಮಾಧಾನ ಹೇಳಿದ, ಮುಖ್ಯವಾದವರೆಲ್ಲ ಸರಿಯಾಗಿಯೇ ಇದ್ದಾರಲ್ಲ ಎಂದು. ವರದಿಯಲ್ಲಿ ಹಳೆಯ ಹಾನಿ ಎಂದು ಬರೆ ಎಂದ. ಒಳ್ಳೆಯ ಮನುಷ್ಯನೇ. ನಾನು ಹಾಗೇ ಬರೆದೆ. ನನಗೆ ಆಗ ಪಿಆರ್, ಅಲ್ಲೇ ನೆಲೆಸುವ ಪರವಾನಗಿ, ಬಂದಿರಲಿಲ್ಲ; ಕೆಲಸ ಬೇಕಿತ್ತು.

ಅಂದಿನಿಂದ ಆ ಆರನೆಯ ಆಳು ನನ್ನ ಬೆನ್ನು ಹತ್ತಿದ. ಹಾಡುಹಗಲು, ಬ್ಲ್ಯಾಕ್‌ಟೌನಿನ ಟ್ರೇನಿನಲ್ಲಿ, ಕಂಬ ಹಿಡಿದು ನಿಂತವರ ನಡುವೆ ನಾಲ್ಕು ಬೆರಳಿನ ಒಂದು ಕೈ ಕಾಣುತ್ತಿತ್ತು; ಮುಖ ಎತ್ತಿ ನೋಡಲು ಧೈರ್ಯ ಸಾಲುತ್ತಿರಲಿಲ್ಲ. ಆಫೀಸಿನಲ್ಲಿ ಬೆನ್ನ ಹಿಂದೆ ಒದ್ದೆ ಉಣ್ಣೆಯ ವಾಸನೆ. ಬಚ್ಚಲಮನೆಯಲ್ಲಿ ಮುಖ ತೊಳೆದು ಒರೆಸಿಕೊಳ್ಳುವಾಗ ಟವೆಲ್ಲಿನಲ್ಲಿ ನನ್ನ ಮೂಗು, ಬಾಯಿ ಅಂಟಿ ಬಂದರೇನು ಗತಿ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅವನು ಏನೂ ಮಾಡುತ್ತಿರಲಿಲ್ಲ, ಕಾಯುತ್ತಿದ್ದ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಹುಬ್ಬಳ್ಳಿಯ ಅಕ್ಕನಿಗೆ ಹೇಳಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

“ಇನ್ನೂ ಐದ್ ಮಂದಿ ಅದಾರಲ್ಲ, ಅದರಾಗ ಒಬ್ಬನ್ನ ತೋರ್ಸಿ ಬಿಡು. ಆ ಮುದುಕಿಗೆ ಕಣ್ಣರ ಎಲ್ಲಿ ನೆಟ್ಟಗ ಕಾಣಸ್ತಾವ? ಸಮಾಧಾನಲೆ ಸಾಯ್ತಾಳ.”

ಆಸೆಯಾಗಲಿಲ್ಲ ಎಂದರೆ ಸುಳ್ಳು. ಐವರಲ್ಲಿ ಚೆಂದದವನೊಬ್ಬನನ್ನು ಆರಿಸಿ, ದೊಡ್ಡದು ಮಾಡಿ ಪ್ರಿಂಟ್ ಕೂಡ ತೆಗೆದೆ. ಆಮೇಲೆ ಹರಿದು ಹಾಕಿದೆ. ಒಮ್ಮೆ ಮುಖ ಕಳೆದುಕೊಂಡವನಿಂದ ಮಗಳನ್ನೂ ಕಿತ್ತುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆಂದು ನಿರ್ಧಾರ ಮಾಡಿ, ಆ ಆರನೆಯವನ ಪ್ರಿಂಟನ್ನೇ ತೆಗೆದುಕೊಂಡು ಮೆಲ್ಬರ್ನಿಗೆ ಹೋದೆ.

ಅಜ್ಜಿ ಹಾಸಿಗೆ ಹಿಡಿದಿದ್ದರು. ಆದರೂ ಕಣ್ಣು ಅಕ್ಕ ಅಂದುಕೊಂಡಷ್ಟು ಮಂದವಾಗಿರಲಿಲ್ಲ. ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೆಗೆಟಿವಿನಲ್ಲಿ ಖಾಲಿಯಾದದ್ದು ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತದೆ; ಹೆಗಲುಗಳ ಮೇಲೆ ಒಂದು ಕಪ್ಪು ಉಂಡೆ. ನಾನು ತಡೆಯಲಾರದೆ ಹೇಳಿಬಿಟ್ಟೆ: ಇಲ್ಲಿ ನಿಮ್ಮ ಅಪ್ಪನ ಮುಖ ಇತ್ತು, ನಾನೇ ಒರೆಸಿಬಿಟ್ಟೆ. ಹಳೆಯ ಹಾನಿ ಎಂದು ಸುಳ್ಳು ಬರೆದದ್ದನ್ನೂ ಹೇಳಿದೆ. ಬೈಯಲಿ ಎಂದು ಕಾದೆ.

ಅವರು ಬೈಯಲಿಲ್ಲ. ನಾಲ್ಕು ಬೆರಳುಗಳ ಆ ಕೈಯ ಮೇಲೆ ತಮ್ಮ ಬೆರಳಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಒರೆಸೋಕೆ ಮುಂಚೆ ನೀನು ನೋಡಿದೆಯಲ್ಲ?” ಎಂದು ಕೇಳಿದರು.

ಅಲ್ಲಿಯವರೆಗೆ ನಿಜ ಹೇಳಿದವಳು ನಾನು. ಅವರ ಮುಖ ನೋಡುತ್ತ, “ನೋಡಿದೆ” ಎಂದೆ.

“ಯಾರ ಥರ ಇದ್ದ?”

“ನಿಮ್ಮ ಥರಾನೇ, ಅಜ್ಜಿ.”

ಅವರು ಕನ್ನಡಿ ಕೇಳಿದರು. ಪಕ್ಕದ ಕೋಣೆಯವರಿಂದ ಕೈಗನ್ನಡಿ ಇಸಿದುಕೊಂಡು ಬಂದೆ. ಎರಡೂ ಕೈಯಲ್ಲಿ ಹಿಡಿದು ನೋಡಿದರು. ಹಣೆ, ಕೆನ್ನೆ, ಬೊಚ್ಚುಬಾಯಿ, ಒಂದೊಂದನ್ನೇ, ಯಾರೋ ಬೇರೆಯವರನ್ನು ನೋಡುವ ಹಾಗೆ. ಇಪ್ಪತ್ತಾರನೆಯ ವಯಸ್ಸಿಗೇ ನೀರಿಗೆ ಬಿದ್ದವನು ಅವರ ಅಪ್ಪ.

“ಎಷ್ಟು ವಯಸ್ಸಾಗಿಹೋಗಿದೆ, ಪಾಪ,” ಎಂದರು ಅಜ್ಜಿ, ಕನ್ನಡಿಗೆ.

ನಾನು ನೋಡಿದ್ದು ಬರೀ ಬೂಸಲು ಎಂದು ಆಗಲೂ ಹೇಳಬಹುದಿತ್ತು. ಹೇಳಲಿಲ್ಲ.